ಬೆಳಗಾವಿಯ ಜಾಝ್ ಬ್ಯಾಂಡಿಗೆ ಝೂಮ್ ಎಚ್‌6 ರೆಕಾರ್ಡರ್ ಎಷ್ಟು ಕೆಲಸಕ್ಕೆ ಬರುತ್ತದೆ?

ಬೆಳಗಾವಿಯಲ್ಲಿ ಜಾಝ್ ನುಡಿಸುವವರೇ ಸಿಗುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಕ್ಯಾಂಪಿನ ಚರ್ಚುಗಳಲ್ಲಿ ಕೀಬೋರ್ಡು, ಗಿಟಾರು ಹಿಡಿದು ಬೆಳೆದ ಹುಡುಗರಿದ್ದಾರೆ. ಮದುವೆ ಬ್ಯಾಂಡುಗಳಲ್ಲಿ ಕ್ಲ್ಯಾರಿನೆಟ್, ಸ್ಯಾಕ್ಸೊಫೋನ್ ಊದುವವರಿದ್ದಾರೆ. ಸೇನಾ ಬ್ಯಾಂಡಿನಲ್ಲಿ ಸ್ಟಾಫ್ ನೊಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಓದಲು ಕಲಿತು ನಿವೃತ್ತರಾದವರನ್ನೂ ಹುಡುಕಿದರೆ ಸಿಗುತ್ತಾರೆ. ಕೊರತೆ ಇರುವುದು ಇನ್ನೊಂದು ಕಡೆ. ನಾಲ್ಕೈದು ಮಂದಿ ಒಟ್ಟಿಗೆ ಕೂತು ನುಡಿಸಿದ್ದನ್ನು ನುಡಿಸಿದ ಹಾಗೆಯೇ ಹಿಡಿದಿಡುವ ಜಾಗ ಬೇಕಲ್ಲ, ಅದು ಸಿಗುವುದು ಕಷ್ಟ. ಸಣ್ಣ ಊರಿನ ಸ್ಟುಡಿಯೊಗಳು ಸಾಮಾನ್ಯವಾಗಿ ಭಕ್ತಿಗೀತೆ, ಭಾವಗೀತೆಗೆ ಹೊಂದುವಂತೆ ಕಟ್ಟಿದವು. ಒಬ್ಬ ಗಾಯಕ ನಿಲ್ಲುವಷ್ಟು ಗಾಜಿನ ಕೋಣೆ ಇರುತ್ತದೆ, ಮಿಕ್ಕಿದ್ದೆಲ್ಲ ಒಂದರ ಮೇಲೊಂದು ಟ್ರ್ಯಾಕ್ ಪೇರಿಸುವ ಕೆಲಸ. ಜಾಝ್ ಹಾಗೆ ಬಿಡಿಬಿಡಿಯಾಗಿ ಕಟ್ಟುವ ಸಂಗೀತವಲ್ಲ. ಸ್ಯಾಕ್ಸ್‌ನವನು ಒಂದು ಸ್ವರವನ್ನು ತುಸು ತಡೆದು ಬಿಟ್ಟರೆ ಡ್ರಮ್ಮರ್ ಆ ಕ್ಷಣವೇ ಸ್ನೇರ್ ಎಂಬ ಸಣ್ಣ ಡ್ರಮ್ಮಿನ ಮೇಲೆ ಅದಕ್ಕೆ ಉತ್ತರ ಕೊಡಬೇಕು. ತಬಲಾದವನು ಗಾಯಕನ ಮುಖ ನೋಡದೆ ಸಾಥ್ ಕೊಡಲಾರ, ಇದೂ ಹಾಗೆಯೇ.

ಈ ಕೊರತೆಯನ್ನು ಝೂಮ್ ಎಚ್‌6 ಎಷ್ಟರ ಮಟ್ಟಿಗೆ ತುಂಬುತ್ತದೆ ಎನ್ನುವುದು ಇಲ್ಲಿನ ಪ್ರಶ್ನೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ತಾಲೀಮಿಗೆ, ಡೆಮೊಗೆ, ಕಾರ್ಯಕ್ರಮದ ದಾಖಲೆಗೆ ಇಷ್ಟು ಖರ್ಚಿನಲ್ಲಿ ಇದಕ್ಕಿಂತ ಹೆಚ್ಚು ಕೆಲಸ ಮಾಡುವ ಸಾಧನ ಕಷ್ಟ. ಆಲ್ಬಮ್ಮಿಗೂ ನಡೆಯುತ್ತದೆ, ಆದರೆ ಕೋಣೆಯನ್ನು ನೀವು ಸರಿಮಾಡಿಕೊಂಡರೆ ಮಾತ್ರ.

ಜಪಾನಿನ ಝೂಮ್ ಕಂಪನಿ ಇದನ್ನು 2013ರಲ್ಲಿ ತಂದಿತು. ಬ್ಯಾಟರಿ, ಮೈಕ್ ಬಿಟ್ಟು ತೂಕ 280 ಗ್ರಾಂ. ನೆತ್ತಿಯ ಮೇಲೆ ಬಿಚ್ಚಿ ಹಾಕಬಹುದಾದ ಎಕ್ಸ್‌ವೈ ಸ್ಟೀರಿಯೊ ಮೈಕು (ಒಂದಕ್ಕೊಂದು ಅಡ್ಡಲಾಗಿ ನಿಂತ ಮೈಕಿನ ಜೋಡಿ), ಎರಡೂ ಪಕ್ಕದಲ್ಲಿ ಎರಡೆರಡು ಕಾಂಬೊ ಸಾಕೆಟ್ಟು, ಅಂದರೆ ಮೈಕಿನ ಕೇಬಲ್ಲೂ ವಾದ್ಯದ ಕೇಬಲ್ಲೂ ಕೂರುವಂಥವು. ಎಲ್ಲ ಸೇರಿ ಒಂದೇ ಹೊತ್ತಿಗೆ 6 ಟ್ರ್ಯಾಕ್, ಒಂದೊಂದೂ ಬೇರೆ ಬೇರೆ. ಇದರ ಅಣ್ಣ ಎಚ್‌4ಎನ್‌ನಲ್ಲಿ 4 ಟ್ರ್ಯಾಕ್ ಮಾತ್ರ. ನಾಲ್ವರ ಬ್ಯಾಂಡಿಗೆ, ಅಂದರೆ ಜಾಝ್ ಕ್ವಾರ್ಟೆಟ್ಟಿಗೆ, ಆ ಎರಡು ಹೆಚ್ಚಿನ ಟ್ರ್ಯಾಕಿನಲ್ಲೇ ಎಲ್ಲ ವ್ಯತ್ಯಾಸ ಅಡಗಿದೆ.

ಆರು ಟ್ರ್ಯಾಕನ್ನು ಹಂಚುವ ಬಗೆ ಹೀಗೆ. ಎಕ್ಸ್‌ವೈ ಜೋಡಿಗೆ ಡ್ರಮ್ ಮತ್ತು ಇಡೀ ಕೋಣೆ. 1ಕ್ಕೆ ಬೇಸ್, 2ಕ್ಕೆ ಕೀಬೋರ್ಡ್, 3ಕ್ಕೆ ಸ್ಯಾಕ್ಸ್. 4ನೆಯದನ್ನು ಹಾಡುವವರಿದ್ದರೆ ಅವರಿಗೆ ಕೊಡಿ, ಇಲ್ಲದಿದ್ದರೆ ಕಾಲಿನಿಂದ ಬಾರಿಸುವ ದೊಡ್ಡ ಕಿಕ್ ಡ್ರಮ್ಮಿಗೆ. ಎಕ್ಸ್‌ವೈ ತೆಗೆದು ಆ ಜಾಗಕ್ಕೆ ಇಎಕ್ಸ್‌ಎಚ್‌-6 ಎಂಬ ಕ್ಯಾಪ್ಸೂಲ್ ಹಾಕಿದರೆ ಇನ್ನೆರಡು ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್ ಸಾಕೆಟ್ಟು) ಸಿಗುತ್ತವೆ, ಹೌದು. ಆದರೆ ಆ ಎರಡಕ್ಕೆ ಫ್ಯಾಂಟಮ್ ಪವರ್ (ಕೇಬಲ್ಲಿನಲ್ಲೇ ಮೈಕಿಗೆ ಹೋಗುವ ಕರೆಂಟು) ಬರುವುದಿಲ್ಲ, ಕೋಣೆಯ ಚಿತ್ರವೂ ಕೈತಪ್ಪುತ್ತದೆ. ಜಾಝಿಗೆ ಅದು ಲಾಭದ ವ್ಯಾಪಾರವಲ್ಲ.

ಬೇಸ್ ಗಿಟಾರನ್ನು ನೇರವಾಗಿ ಸಾಕೆಟ್ಟಿಗೆ ಚುಚ್ಚುವುದು ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು. ಎಚ್‌6ನ ಇನ್‌ಪುಟ್ ಇಂಪೀಡನ್ಸ್, ಅಂದರೆ ಒಳಬರುವ ಸಿಗ್ನಲ್ಲಿಗೆ ಒಡ್ಡುವ ತಡೆ, ಸುಮಾರು 6.8 ಕಿಲೊಓಮ್. ಗಿಟಾರಿನ ಪ್ಯಾಸಿವ್ (ಬ್ಯಾಟರಿ ಇಲ್ಲದ) ಪಿಕಪ್ಪಿಗೆ, ಡಬಲ್ ಬೇಸಿನ ಕಂಪನ ಹಿಡಿಯುವ ಪೀಜೊ ಪಿಕಪ್ಪಿಗೆ ಲಕ್ಷಗಟ್ಟಲೆ ಓಮ್ ಬೇಕು. ನೇರ ಹಾಕಿದರೆ ದನಿ ಸೊರಗುತ್ತದೆ, ಮೇಲಿನ ತುದಿ ಸತ್ತುಹೋಗುತ್ತದೆ, ಪೀಜೊ ಆದರೆ ಕೆಳಗಿನ ಗುಂಭವೂ ಮಾಯ. ನಡುವೆ ಒಂದು ಡಿಐ ಬಾಕ್ಸ್, ಅಂದರೆ ವಾದ್ಯದ ಸಿಗ್ನಲ್ಲನ್ನು ಮೈಕ್ ಸಾಕೆಟ್ಟಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ, ಇಡಲೇಬೇಕು. ಪೀಜೊಗೆ ಆ್ಯಕ್ಟಿವ್ ಡಿಐ ಒಳ್ಳೆಯದು, ಅದು ಎಚ್‌6 ಕೊಡುವ 48 ವೋಲ್ಟಿನ ಫ್ಯಾಂಟಮ್ಮಿನಲ್ಲೇ ಓಡುತ್ತದೆ. ಕೀಬೋರ್ಡಿಗೆ ಈ ತೊಂದರೆ ಇಲ್ಲ. ಅದರ ಎಡಗಡೆಯ, ಮೋನೊ ಎಂದು ಬರೆದ ಔಟ್‌ನಿಂದ ನೇರ ಕೇಬಲ್ ಎಳೆದರೆ ಸಾಕು.

ಈಗ ಕೋಣೆ. 12 ಅಡಿ ಅಗಲ, 16 ಅಡಿ ಉದ್ದದ ಹಾಲು, ಶಹಾಬಾದಿ ಫರಶಿ, ಬರೀ ಗೋಡೆ ಎಂದಿಟ್ಟುಕೊಳ್ಳಿ. ಚಪ್ಪಾಳೆ ತಟ್ಟಿದರೆ ತಗಡು ಬಡಿದಂಥ ಸದ್ದು ಬಂದರೆ ಆ ಕೋಣೆಯಲ್ಲಿ ಸಿಂಬಲ್ ಹಿಡಿಯುವುದು ದಂಡ. ಇದಕ್ಕೆ ಅಂಗಡಿಯಿಂದ ಫೋಮ್ ತಂದು ಅಂಟಿಸುವ ಮೊದಲು ಮನೆಯ ಹಾಸಿಗೆ-ಹೊದಿಕೆಯ ಗಂಟು ಬಿಚ್ಚಿ ನೋಡಿ. ಹಳೆಯ ಸೀರೆ ಪದರ ಹಾಕಿ ಹೊಲಿದ ದಪ್ಪ ಕೌದಿಗಳು ತೆಳುವಾದ ಫೋಮಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಡ್ರಮ್ ಹಿಂದಿನ ಗೋಡೆಗೆ ಎರಡು, ಅದರ ಎದುರು ಗೋಡೆಗೆ ಎರಡು. ಗೋಡೆಗೆ ಅಂಟಿಕೊಳ್ಳದಂತೆ ನಾಲ್ಕು ಬೆರಳು ಬಿಟ್ಟು ಹಗ್ಗದ ಮೇಲೆ ಇಳಿಬಿಡಬೇಕು. ಆ ನಡುವಿನ ಗಾಳಿಯಿಂದಲೇ ತುಸು ಕೆಳಗಿನ ಸ್ವರಗಳಿಗೂ ತಡೆ ಸಿಗುವುದು. ಡ್ರಮ್ಮಿನ ಕೆಳಗೆ ಜಮಖಾನೆ ಹಾಸಿ, ಕಿಕ್ ಡ್ರಮ್ ಮುಂದಕ್ಕೆ ಜಾರುವುದೂ ನಿಲ್ಲುತ್ತದೆ. ಮೂಲೆಯಲ್ಲಿ ಬೇಸ್ ಆಂಪ್ಲಿಫೈಯರ್ ಇಡಬೇಡಿ. ಮೂಲೆಯಲ್ಲಿ ಕೆಳಸ್ವರಗಳು ಗುಡ್ಡೆ ಬೀಳುತ್ತವೆ, ಮತ್ತೆ ಯಾವ ಈಕ್ವಲೈಜರ್ ಹಾಕಿದರೂ ಆ ಗುಂಯ್ ಹೋಗದು.

ಡ್ರಮ್ ಅಗಲದ ಗೋಡೆಯ ನಡುವೆ ಇರಲಿ. ಎಚ್‌6 ಅನ್ನು ಮೈಕ್ ಸ್ಟ್ಯಾಂಡಿಗೆ ಬಿಗಿದು ಡ್ರಮ್ಮಿನಿಂದ ಸುಮಾರು 8 ಅಡಿ, ಅಂದರೆ 2.4 ಮೀಟರ್ ದೂರದಲ್ಲಿ, ಆರೂವರೆ ಅಡಿ ಎತ್ತರದಲ್ಲಿ ನಿಲ್ಲಿಸಿ, ಮೂತಿ ಸ್ನೇರ್ ಕಡೆಗೆ ತುಸು ಬಾಗಿರಲಿ. ಎಕ್ಸ್‌ವೈ ಜೋಡಿಯ ಎರಡು ಮೈಕುಗಳ ನಡುವಿನ ಕೋನ 90 ಡಿಗ್ರಿಯಲ್ಲೇ ಬಿಡಿ. ಸಣ್ಣ ಕೋಣೆಯಲ್ಲಿ 120 ಮಾಡಿದರೆ ಪಕ್ಕದ ಗೋಡೆಗಳ ಪ್ರತಿಧ್ವನಿಯೇ ಹೆಚ್ಚು ಬರುತ್ತದೆ. ಸ್ಯಾಕ್ಸ್‌ನವರು ಡ್ರಮ್ಮರಿಗೆ ಎದುರಾಗಿ ನಿಲ್ಲಲಿ. ಹೀಗೆ ನಿಂತಾಗ ಅವರ ಮೈಕಿನ ಬೆನ್ನು ಡ್ರಮ್ ಕಡೆಗಿರುತ್ತದೆ. ಶೂರ್ ಎಸ್‌ಎಂ57ನಂಥ ಕಾರ್ಡಿಯಾಯ್ಡ್ ಮೈಕು ಬೆನ್ನ ಹಿಂದಿನದನ್ನೇ ಅತಿ ಕಡಿಮೆ ಕೇಳುವುದು. ಒಬ್ಬರ ಕಣ್ಣು ಒಬ್ಬರಿಗೆ ಕಾಣುತ್ತದೆ, ಸಿಂಬಲ್ಲಿನ ಸದ್ದು ಸ್ಯಾಕ್ಸಿನ ಮೈಕಿಗೆ ನುಗ್ಗುವ ಸೋರಿಕೆಯೂ ತಗ್ಗುತ್ತದೆ. ಮೈಕನ್ನು ಸ್ಯಾಕ್ಸಿನ ಬಾಯೊಳಗೆ ತುರುಕಬೇಡಿ. ಸ್ಯಾಕ್ಸಿನ ದನಿ ಅರ್ಧ ಬರುವುದು ಮೈಮೇಲಿನ ತೂತುಗಳಿಂದ. ಒಂದೂಕಾಲು ಅಡಿ ದೂರದಲ್ಲಿ, ಬಾಯಿಗೂ ಎಡಗೈ ಕೀಲಿಗಳಿಗೂ ನಡುವೆ ಗುರಿಯಿಟ್ಟರೆ ಕೆಳಗಿನ ಸ್ವರಕ್ಕೂ ಮೇಲಿನ ಸ್ವರಕ್ಕೂ ಸಮತೂಕ ಬರುತ್ತದೆ.

ಇದರಲ್ಲಿ ಹೊಸದೇನೂ ಇಲ್ಲ. 1930ರ ದಶಕದಿಂದ ಮುಂಬೈಯ ಹೋಟೆಲುಗಳಲ್ಲಿ ಜಾಝ್ ಬೆಳೆಸಿದವರಲ್ಲಿ ಎಷ್ಟೋ ಮಂದಿ ಗೋವಾದವರು. ಚಿಕ್ ಚಾಕೊಲೇಟ್ ಎಂದೇ ಹೆಸರಾದ ಟ್ರಂಪೆಟ್ ವಾದಕ ಆಂಟೋನಿಯೊ ಝೇವಿಯರ್ ವಾಝ್ ಅವರಲ್ಲೊಬ್ಬರು. ಆ 78 ಆರ್‌ಪಿಎಂ ತಟ್ಟೆಗಳ ಕಾಲದಲ್ಲಿ ಜೋರಿನ ವಾದ್ಯ ಹಿಂದೆ, ಮೆತ್ತನೆಯದು ಮುಂದೆ ಎಂದು ಕೂಡಿಸಿ ಬ್ಯಾಂಡಿನ ತೂಕವನ್ನು ಕೋಣೆಯಲ್ಲೇ ಸರಿಮಾಡಿಕೊಳ್ಳುತ್ತಿದ್ದರು. ಎಚ್‌6 ಚೆನ್ನಾಗಿ ಕೇಳಿಸಬೇಕಾದರೂ ಅದೇ ಹಾದಿ. ಹೆಡ್‌ಫೋನ್ ಇಲ್ಲದೆ ಡ್ರಮ್ಮರಿಗೆ ಸ್ಯಾಕ್ಸ್ ಸ್ಪಷ್ಟವಾಗಿ ಕೇಳುತ್ತಿಲ್ಲ ಎಂದರೆ ಡ್ರಮ್ ಜೋರಾಯಿತು ಎಂದೇ ಅರ್ಥ. ಕಡ್ಡಿ ಬಿಟ್ಟು ಬ್ರಷ್ ಹಿಡಿಯಲಿ. ಕೀಬೋರ್ಡಿನ ಸ್ಪೀಕರು ಕೀಬೋರ್ಡಿನವರ ಹಿಂದಲ್ಲ, ಬೇಸಿನವರ ಕಿವಿಯ ಹತ್ತಿರ ಇರಲಿ.

ಗೇನ್, ಅಂದರೆ ಒಳಬರುವ ದನಿಯ ಮಟ್ಟ, ಇಡುವಾಗ ಪಟ್ಟಿಯಲ್ಲಿರುವ ಅತಿ ಜೋರಿನ ಹಾಡನ್ನೇ ಮೊದಲು ನುಡಿಸಿ, ಮೀಟರಿನ ತುದಿ ಮೈನಸ್ 12 ಡೆಸಿಬೆಲ್ ದಾಟದಂತೆ ಗುಂಡಿ ತಿರುಗಿಸಿ. ನಿಜವಾದ ಟೇಕಿನಲ್ಲಿ ಎಲ್ಲರ ಕೈಯೂ ಜೋರಾಗುತ್ತದೆ, ಆ 12 ಡೆಸಿಬೆಲ್ ಅದಕ್ಕೇ. ಬ್ಯಾಕಪ್ ರೆಕಾರ್ಡ್ ಎಂಬ ಸೌಲಭ್ಯವೊಂದಿದೆ. ಅದು 12 ಡೆಸಿಬೆಲ್ ತಗ್ಗಿಸಿದ ಇನ್ನೊಂದು ಪ್ರತಿ ಮಾಡುತ್ತದೆ, ಆದರೆ ಎಲ್-ಆರ್ ಟ್ರ್ಯಾಕಿಗೆ, ಅಂದರೆ ಎಕ್ಸ್‌ವೈ ಜೋಡಿಗೆ ಮಾತ್ರ. ಸ್ಯಾಕ್ಸಿನ ಟ್ರ್ಯಾಕ್ ಒಡೆದರೆ ಅದು ಉಳಿಸುವುದಿಲ್ಲ. ಗೇನ್ ಗುಂಡಿಗಳು ಸಲೀಸಾಗಿ ತಿರುಗುವಂಥವು, ಮಟ್ಟ ಇಟ್ಟ ಮೇಲೆ ಕಾಗದದ ಟೇಪ್ ಅಂಟಿಸಿಬಿಡಿ. ಇನ್ನೊಂದು ಮಾತು: ರೆಕಾರ್ಡ್ ಒತ್ತುವ ಮೊದಲು ಪ್ರತಿ ಟ್ರ್ಯಾಕಿನ ಗುಂಡಿ ಕೆಂಪಾಗಿದೆಯೇ ಬೆರಳಿಟ್ಟು ಎಣಿಸಿ. ಕೆಂಪಾಗದ ಟ್ರ್ಯಾಕ್ ದಾಖಲಾಗದು. ಎಚ್‌4ಎನ್ ಬಳಸಿದವರಿಗೆ ಎರಡು ಸಲ ಒತ್ತುವ ರೂಢಿ ಇರುತ್ತದೆ, ಮೊದಲ ಒತ್ತಿಗೆ ಅದು ಬರೀ ಕಾಯುತ್ತದೆ. ಎಚ್‌6 ಮೊದಲ ಒತ್ತಿಗೇ ಶುರುವಾಗುತ್ತದೆ. ಎರಡನೆಯ ಸಲ ಒತ್ತುವುದು ಬೇಡ.

ರೆಕಾರ್ಡಿಂಗಿನ ಗುಣಮಟ್ಟ 24 ಬಿಟ್, 48 ಕಿಲೊಹರ್ಟ್ಸ್ (ಸೆಕೆಂಡಿಗೆ 48,000 ಸ್ಯಾಂಪಲ್) ಇದ್ದರೆ ಸಾಕು. 96 ಬೇಡ, ಕಾರ್ಡು ಬೇಗ ತುಂಬುತ್ತದೆ ಅಷ್ಟೆ. 48ರಲ್ಲಿ ಆರೂ ಟ್ರ್ಯಾಕಿಗೆ ಸೇರಿ ನಿಮಿಷಕ್ಕೆ ಸುಮಾರು 52 ಎಂಬಿ, ಗಂಟೆಗೆ 3.1 ಜಿಬಿ. 32 ಜಿಬಿಯ ಕಾರ್ಡಿನಲ್ಲಿ ಹತ್ತು ಗಂಟೆಯ ತಾಲೀಮು ಹಿಡಿಸುತ್ತದೆ. 128 ಜಿಬಿ ಕಾರ್ಡನ್ನೂ ಇದು ಒಪ್ಪುತ್ತದೆ, ಆದರೆ ಕಾರ್ಡು ದೊಡ್ಡದಾದಷ್ಟೂ ಆನ್ ಆಗಲು ತಡ.

ಮಿಕ್ಸಿಂಗಿನಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಒಂದು ಕೆಲಸವಿದೆ. ಕಿಕ್ ಡ್ರಮ್ಮಿನ ಮೈಕು ಡ್ರಮ್ಮಿಗೆ ತಾಗಿಕೊಂಡೇ ಇದೆ, ಎಕ್ಸ್‌ವೈ 2.4 ಮೀಟರ್ ಆಚೆ. ಶಬ್ದ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತದೆ, ಹಾಗಾಗಿ ಅದೇ ಪೆಟ್ಟು ಎಕ್ಸ್‌ವೈಗೆ 7 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಎರಡನ್ನೂ ಹಾಗೆಯೇ ಬೆರೆಸಿದರೆ ಕಿಕ್ ಟೊಳ್ಳು ಪೆಟ್ಟಿಗೆಯಂತೆ ಕೇಳುತ್ತದೆ. ಕಂಪ್ಯೂಟರಿನಲ್ಲಿ ಕಿಕ್ ಟ್ರ್ಯಾಕನ್ನು 7 ಮಿಲಿಸೆಕೆಂಡ್ ತಡವಾಗುವಂತೆ ಬಲಕ್ಕೆ ಸರಿಸಿ, ಅಂದರೆ 48 ಕಿಲೊಹರ್ಟ್ಸ್‌ನಲ್ಲಿ 336 ಸ್ಯಾಂಪಲ್. ಲೆಕ್ಕದ ಬದಲು ಕಣ್ಣಿನಿಂದಲೂ ಮಾಡಬಹುದು. ಹಾಡು ಶುರುವಾಗುವ ಮುನ್ನ ಡ್ರಮ್ಮರ್ ಒಂದೇ ಒಂದು ಪೆಟ್ಟು ಹೊಡೆದು ಬಿಡಲಿ, ಎರಡೂ ಟ್ರ್ಯಾಕಿನಲ್ಲಿ ಆ ಗೆರೆ ಮೇಲೇಳುವ ಜಾಗವನ್ನು ಜೋಡಿಸಿದರಾಯಿತು. ಸರಿಸಿದ ಕೂಡಲೇ ಕಿಕ್‌ಗೆ ಹೊಟ್ಟೆ ಬರುತ್ತದೆ, ಕಿವಿಗೆ ಅಲ್ಲೇ ಗೊತ್ತಾಗುತ್ತದೆ. ಬೇಸ್, ಕೀಬೋರ್ಡಿಗೂ ಅವರವರ ಸ್ಪೀಕರಿನ ದೂರ ಅಳೆದು ಹೀಗೇ ಮಾಡಿ.

ಇಷ್ಟೆಲ್ಲ ಆಲ್ಬಮ್ಮಿನ ಮಾತಾಯಿತು. ನಮ್ಮ ದೃಷ್ಟಿಯಲ್ಲಿ ಈ ಯಂತ್ರದ ಹೆಚ್ಚಿನ ಬೆಲೆ ಇರುವುದು ವಾರದ ತಾಲೀಮಿನಲ್ಲಿ. ಗುರು ಇಲ್ಲದ ಬ್ಯಾಂಡಿಗೆ ಇದೇ ಮುಲಾಜಿಲ್ಲದ ಕಿವಿ. ಒಂದು ಉದಾಹರಣೆ. 32 ಬಾರಿನ (ಆವರ್ತದ) ಹಾಡು, ಬಾರಿಗೆ ನಾಲ್ಕು ಮಾತ್ರೆಯ ಲಯ, ನಿಮಿಷಕ್ಕೆ 120 ಪೆಟ್ಟು. ಒಂದು ಸುತ್ತು, ಜಾಝಿನವರು ಕೋರಸ್ ಎನ್ನುವುದು, ಸರಿಯಾಗಿ 64 ಸೆಕೆಂಡಿಗೆ ಮುಗಿಯಬೇಕು. ರೆಕಾರ್ಡಿಂಗ್ ಹಾಕಿ ಮೊದಲ ಸುತ್ತನ್ನೂ ಕೊನೆಯ ಸುತ್ತನ್ನೂ ಗಡಿಯಾರ ಹಿಡಿದು ಅಳೆಯಿರಿ. ಕೊನೆಯದು 58 ಸೆಕೆಂಡಿಗೆ ಮುಗಿದಿದ್ದರೆ ಲಯ 132ಕ್ಕೆ ಓಡಿದೆ. ಯಾರು ಓಡಿಸಿದರು ಎಂಬ ಜಗಳವೂ ಬೇಡ, ಟ್ರ್ಯಾಕುಗಳು ಬೇರೆ ಬೇರೆ ಇವೆಯಲ್ಲ. ರೈಡ್ ಸಿಂಬಲ್ಲಿನ ಎದುರು ಬೇಸನ್ನು ಒಂದೇ ಇಟ್ಟು ಕೇಳಿ, ಆಮೇಲೆ ಕೀಬೋರ್ಡನ್ನು. ಸಾಮಾನ್ಯವಾಗಿ ಸ್ಯಾಕ್ಸ್ ಸೋಲೊ ಕಾವೇರಿದಾಗ ಕೀಬೋರ್ಡಿನ ಎಡಗೈ ಮೊದಲು ಜಾರುತ್ತದೆ, ಬೇಸು ಅದನ್ನು ಹಿಂಬಾಲಿಸುತ್ತದೆ. ಸಮ್ (ತಾಳದ ಮೊದಲ ಮಾತ್ರೆ) ತಪ್ಪಿದರೆ ಬೈಠಕ್ಕಿನಲ್ಲಿ ಹೇಗೆ ಎಲ್ಲರ ತಲೆ ಒಮ್ಮೆಲೇ ಏಳುತ್ತದೋ, ಜಾಝಿನಲ್ಲಿ ಸುತ್ತಿನ ತಲೆ ತಪ್ಪಿದರೂ ಹಾಗೇ ಆಗಬೇಕು. ಹೊಸ ಬ್ಯಾಂಡುಗಳಲ್ಲಿ ಅದು ತಪ್ಪಿದ್ದು ಮರುದಿನ ಕೇಳುವವರೆಗೂ ಗೊತ್ತಾಗುವುದಿಲ್ಲ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇದೇ ಜಿಲ್ಲೆಯದು, ಪಂಡಿತ ರಾಮಭಾವು ಬಿಜಾಪುರೆಯವರು ಪೇಟಿ (ಹಾರ್ಮೋನಿಯಂ) ನುಡಿಸಿದ್ದು, ಕಲಿಸಿದ್ದು ಇದೇ ಊರಿನಲ್ಲಿ. ಇಲ್ಲಿನ ಕೇಳುಗರಿಗೆ ಜಾಝ್ ಹೊಸದಾಗಿರಬಹುದು, ಲಯ ಹೊಸದಲ್ಲ. ಸಡಿಲವಾಗಿ ನುಡಿಸಿದರೆ ಅವರಿಗೆ ತಿಳಿಯುತ್ತದೆ.

ತೊಂದರೆಗಳ ಕಡೆ ಬರೋಣ. ಮೊದಲನೆಯದು ಮಾಳಿಗೆಯ ಫ್ಯಾನು. ಎಕ್ಸ್‌ವೈ ಕಂಡೆನ್ಸರ್ ಮೈಕು, ಮೇಲಿನಿಂದ ಬೀಳುವ ಗಾಳಿ ಗುಡುಗಿನಂತೆ ದಾಖಲಾಗುತ್ತದೆ. ಟೇಕಿನ ಹೊತ್ತಿಗೆ ಫ್ಯಾನ್ ಬಂದ್ ಮಾಡಿ, ಎರಡು ಹಾಡಿಗೊಮ್ಮೆ ಹಾಕಿ. ಕೆಳಗಿನ ಸದ್ದನ್ನು ಕತ್ತರಿಸುವ ಲೋ ಕಟ್ ಅನ್ನು 80 ಹರ್ಟ್ಸ್‌ಗೆ ಇಟ್ಟರೆ ಸ್ವಲ್ಪ ಸಹಾಯ, ಆದರೆ ಅದನ್ನು ಬೇಸಿನ ಟ್ರ್ಯಾಕಿಗೆ ಹಾಕಬೇಡಿ. ಬೇಸಿನ ದಪ್ಪ ತಂತಿ 41 ಹರ್ಟ್ಸ್‌ನದು, ಅದನ್ನೇ ಕೊಯ್ದುಹಾಕಿದಂತೆ. ಎರಡನೆಯದು ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ತಗಡಿನ ಶೀಟಿನ ಕೆಳಗೆ ರೆಕಾರ್ಡಿಂಗ್ ಇಟ್ಟುಕೊಳ್ಳಲೇಬೇಡಿ. ಗಣಪತಿ ದಿನಗಳಲ್ಲಿ ಢೋಲು-ತಾಶಾ, ಲಗ್ನದ ದಿನಗಳಲ್ಲಿ ಡಿಜೆ, ಟಿಳಕವಾಡಿ ಗೇಟುಗಳ ಹತ್ತಿರವಾದರೆ ರೈಲಿನ ಹಾರ್ನು. ಮೆತ್ತನೆಯ ಬ್ಯಾಲಡ್ ಇದ್ದರೆ ರೈಲಿನ ವೇಳೆ ನೋಡಿಕೊಂಡೇ ಕೂರಬೇಕು. ಆಲ್ಬಮ್ಮಿಗೆ ಮಾರ್ಗಶಿರದಿಂದ ಮಾಘದವರೆಗಿನ ಚಳಿಗಾಲವೇ ಒಳ್ಳೆಯದು, ಫ್ಯಾನ್ ಬೇಕಾಗದು, ರಾತ್ರಿಯೂ ಶಾಂತ. ಚಳಿಯಲ್ಲಿ ಸ್ಯಾಕ್ಸಿನ ಶ್ರುತಿ ಇಳಿಯುತ್ತದೆ ಎಂಬುದು ಮಾತ್ರ ನೆನಪಿರಲಿ. ಹತ್ತು ನಿಮಿಷ ಊದಿ ಬಿಸಿ ಮಾಡಿದ ಮೇಲೆ ಕೀಬೋರ್ಡಿಗೆ ಹೊಂದಿಸಬೇಕು.

ಮೂರನೆಯದು ಗುಂಯ್ ಎನ್ನುವ ಕರೆಂಟಿನ ಸದ್ದು, 50 ಹರ್ಟ್ಸ್ ಮತ್ತು ಅದರ ಎರಡು, ಮೂರು ಪಟ್ಟಿನವು. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ ಚಾರ್ಜರ್ ಚುಚ್ಚಿದ ಕೂಡಲೇ ಬರುತ್ತದೆ. ಎಚ್‌6 ಅನ್ನು ಬ್ಯಾಟರಿಯ ಮೇಲೇ ಓಡಿಸಿದರೆ ಇದು ಬಹುಪಾಲು ಇಲ್ಲವಾಗುತ್ತದೆ. ಉಳಿದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಎಂಬ ಸ್ವಿಚ್ ಒತ್ತಿ. ನಾಲ್ಕು ಎಎ ಬ್ಯಾಟರಿಗೆ 20 ಗಂಟೆ ಎಂದು ಕಂಪನಿ ಹೇಳುವುದು ಬರೀ ಎಕ್ಸ್‌ವೈ ಬಳಸಿದಾಗಿನ ಲೆಕ್ಕ. ಫ್ಯಾಂಟಮ್ ಹಾಕಿ ಆರೂ ಟ್ರ್ಯಾಕ್ ಓಡಿಸಿದರೆ ಅದರ ಹತ್ತಿರವೂ ಬಾರದು. ರೀಚಾರ್ಜ್ ಆಗುವ ನಿಕೆಲ್ ಬ್ಯಾಟರಿಗಳ ಎರಡು ಸೆಟ್ ಇಟ್ಟುಕೊಳ್ಳಿ, ಮೆನುವಿನಲ್ಲಿ ಬ್ಯಾಟರಿಯ ಜಾತಿ ಬದಲಿಸಿ, ಇಲ್ಲವಾದರೆ ಉಳಿದ ಚಾರ್ಜನ್ನು ತಪ್ಪಾಗಿ ತೋರಿಸುತ್ತದೆ. ಕರೆಂಟು ಹೋದರೂ ರೆಕಾರ್ಡಿಂಗ್ ನಿಲ್ಲದು ಎನ್ನುವುದು ನಮ್ಮ ಕಡೆ ಸಣ್ಣ ಸಮಾಧಾನವಲ್ಲ.

ಕಾರ್ಯಕ್ರಮದಲ್ಲಿ ಸೌಂಡ್ ಸಿಸ್ಟಮ್‌ನವರ ಮಿಕ್ಸರಿನಿಂದ ಒಂದು ಲೈನ್ ಕೇಳಿ ಪಡೆಯಬಹುದು. ಅದು ಬಲವಾದ ಸಿಗ್ನಲ್, ಅದನ್ನು ತಗ್ಗಿಸುವ ಗುಂಡಿಗೆ ಪ್ಯಾಡ್ ಎನ್ನುತ್ತಾರೆ. ಪ್ಯಾಡ್ ಇಲ್ಲದೆ ಎಚ್‌6 ತಡೆಯುವುದು ಪ್ಲಸ್ 2 ಡಿಬಿಯು (ಸಿಗ್ನಲ್ಲಿನ ಬಲದ ಅಳತೆ), ಪ್ಯಾಡ್ ಹಾಕಿದರೆ ಪ್ಲಸ್ 22. ಆದ್ದರಿಂದ ಪ್ಯಾಡ್ ಒತ್ತಿ, ಫ್ಯಾಂಟಮ್ ಆಫ್ ಇದೆಯೇ ನೋಡಿ, ಆಮೇಲೆ ಕೇಬಲ್ ಚುಚ್ಚಿ. ಆದರೆ ಆ ಲೈನನ್ನೇ ನಂಬಿ ಕೂರಬೇಡಿ. ಸಣ್ಣ ಸಭಾಗೃಹದಲ್ಲಿ ಡ್ರಮ್ಮಿಗೆ ಮೈಕೇ ಇರುವುದಿಲ್ಲ, ಮಿಕ್ಸರಿನಲ್ಲಿ ಹಾಡು, ಸ್ಯಾಕ್ಸ್ ಮಾತ್ರ ತುಂಬಿರುತ್ತದೆ. ಕುಮಾರ ಗಂಧರ್ವ ರಂಗಮಂದಿರದಂಥ ದೊಡ್ಡ ಜಾಗವಾದರೆ ಎಕ್ಸ್‌ವೈಯನ್ನು ಮೊದಲ ಸಾಲಿಗಿಂತ ಮುಂದೆ, ವೇದಿಕೆಯ ಅಂಚಿಗೇ ತನ್ನಿ. ಹಿಂದೆ ಹೋದಷ್ಟೂ ಬ್ಯಾಂಡು ಕಡಿಮೆ, ಸಭಾಗೃಹ ಜಾಸ್ತಿ.

ಡೆಮೊ ಕಳಿಸುವಾಗ ಗೋವಾ, ಪುಣೆ, ಬೆಂಗಳೂರಿನ ಕಡೆ ವಿಡಿಯೊ ಕೇಳುತ್ತಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಎಚ್‌6ನ ಧ್ವನಿ ಜೋಡಿಸಿ, ಪ್ರತಿ ಹಾಡಿನ ಮೊದಲು ಒಂದು ಚಪ್ಪಾಳೆ ಇರಲಿ. ಎರಡು ಯಂತ್ರಗಳ ಗಡಿಯಾರ ಒಂದೇ ಆಗಿರುವುದಿಲ್ಲ, ಒಂದು ಗಂಟೆಯ ಕಾರ್ಯಕ್ರಮವನ್ನು ಒಂದೇ ಸಲಕ್ಕೆ ಜೋಡಿಸಿದರೆ ಕೊನೆಗೆ ಕೈಯೊಂದು ಕಡೆ, ಪೆಟ್ಟೊಂದು ಕಡೆ. ಹಾಡು ಹಾಡಿಗೂ ಬೇರೆ ಜೋಡಿಸಿ. ಕಳಿಸುವುದು ಸ್ವಂತ ರಚನೆಯಾಗಿದ್ದರೆ ಮುಂದೆ ಬಿಡುಗಡೆಗೂ ಹಕ್ಕಿನ ತೊಡಕಿಲ್ಲ. ಎಲ್ಲ ಜಾಝ್ ಬ್ಯಾಂಡುಗಳೂ ನುಡಿಸುವ ಹಳೆಯ ಸ್ಟ್ಯಾಂಡರ್ಡುಗಳಾದರೆ, ಹಕ್ಕಿನ ಅವಧಿ ಮುಗಿದಿರದಿದ್ದರೆ, ಹಕ್ಕುದಾರರ ಕಡೆಯಿಂದ ಲೈಸೆನ್ಸ್ ಬೇಕು.

ಯಂತ್ರದ ಬಗ್ಗೆಯೇ ನಮ್ಮ ತಕರಾರುಗಳಿವೆ. ಮೈಯೆಲ್ಲ ಪ್ಲಾಸ್ಟಿಕ್, ಬಿದ್ದರೆ ಕ್ಯಾಪ್ಸೂಲ್ ಕೂಡುವ ಕುತ್ತಿಗೆಯೇ ಮೊದಲು ಹೋಗುವುದು. ಯುಎಸ್‌ಬಿ ಹಳೆಯ ಮಿನಿ ನಮೂನೆಯದು, ಆ ಕೇಬಲ್ ಈಗ ಮೊಬೈಲ್ ಅಂಗಡಿಯಲ್ಲಿ ಸುಲಭವಾಗಿ ಸಿಗದು, ಎರಡು ಇಟ್ಟುಕೊಳ್ಳಿ. ಸ್ಟ್ಯಾಂಡಿನ ಮೇಲೆ ಆರೂವರೆ ಅಡಿ ಎತ್ತರದಲ್ಲಿದ್ದಾಗ ಪರದೆ ಓದಲು ಸ್ಟೂಲ್ ಬೇಕು. 2024ರಲ್ಲಿ ಬಂದ ಎಚ್‌6 ಎಸೆನ್ಶಿಯಲ್‌ನಲ್ಲಿ 32 ಬಿಟ್ ಫ್ಲೋಟ್ ಇದೆ, ಅಂದರೆ ಮೆತ್ತಗಿನ ದನಿಯನ್ನೂ ಜೋರಿನದನ್ನೂ ಒಡೆಯದಂತೆ ಹಿಡಿಯುವ ಬಗೆ, ಗೇನ್ ತಲೆನೋವು ಅದರಲ್ಲಿ ಹೆಚ್ಚುಕಡಿಮೆ ತಪ್ಪುತ್ತದೆ. ಹೊಸದನ್ನೇ ಕೊಳ್ಳುವ ಶಕ್ತಿ ಇದ್ದರೆ ಅದನ್ನೇ ನೋಡಿ. ಆದರೆ ಸೋರಿಕೆಗೆ, ಕೆಟ್ಟ ಕೋಣೆಗೆ 32 ಬಿಟ್ಟೂ ಮದ್ದಲ್ಲ. ದುಡ್ಡು ಅಳೆದು ಖರ್ಚು ಮಾಡುವ ಬ್ಯಾಂಡಿಗೆ ಹಳೆಯ ಎಚ್‌6 ಸೆಕೆಂಡ್ ಹ್ಯಾಂಡ್ ತೊಗೊಂಡು, ಉಳಿದ ದುಡ್ಡನ್ನು ಒಂದು ಡಿಐ, ಎರಡು ಒಳ್ಳೆಯ ಸ್ಟ್ಯಾಂಡು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ ಹಾಕಿ ಎನ್ನುತ್ತೇವೆ.

ಸೆಕೆಂಡ್ ಹ್ಯಾಂಡ್ ನೋಡುವಾಗ ಜೇಬಿನಲ್ಲಿ ನಾಲ್ಕು ಬ್ಯಾಟರಿ, ಒಂದು ಕಾರ್ಡು, ಒಂದು ಮೈಕು, ಒಂದು ಎಕ್ಸ್‌ಎಲ್‌ಆರ್ ಕೇಬಲ್, ಹೆಡ್‌ಫೋನ್ ಒಯ್ಯಿರಿ. ನಾಲ್ಕೂ ಸಾಕೆಟ್ಟಿಗೆ ಮೈಕ್ ಹಾಕಿ ಗೇನ್ ಗುಂಡಿಯನ್ನು ನಿಧಾನ ತಿರುಗಿಸಿ, ಚರಚರ ಅಂದರೆ ಒಳಗೆ ಧೂಳು ಕೂತಿದೆ, ಮಧ್ಯದಲ್ಲಿ ದನಿಯೇ ಹೋದರೆ ಬಿಟ್ಟು ಬನ್ನಿ. ಎಕ್ಸ್‌ವೈ ಕ್ಯಾಪ್ಸೂಲನ್ನು ಬಿಚ್ಚಿ ಹಾಕಿ, ಹಾಕಿದ ಮೇಲೆ ಮೆಲ್ಲಗೆ ಅಲ್ಲಾಡಿಸಿ, ಎಡ-ಬಲ ದನಿ ತುಂಡಾಗಬಾರದು. ಫ್ಯಾಂಟಮ್ ಹಾಕಿ ಕಂಡೆನ್ಸರ್ ಮೈಕ್ ಅಥವಾ ಆ್ಯಕ್ಟಿವ್ ಡಿಐ ಓಡುತ್ತದೆಯೇ ನೋಡಿ. ಬ್ಯಾಟರಿ ಕೋಣೆಯ ಸ್ಪ್ರಿಂಗಿನಲ್ಲಿ ಹಸಿರು ಪಾಚಿ ಕಟ್ಟಿದೆಯೇ ಬ್ಯಾಟರಿ ತೆಗೆದು ಪರೀಕ್ಷಿಸಿ. ಬೆಳಗಾವಿಯ ಮಳೆಗಾಲದಲ್ಲಿ ಬ್ಯಾಟರಿ ಒಳಗೇ ಬಿಟ್ಟು ಕಪಾಟಿನಲ್ಲಿಟ್ಟ ಯಂತ್ರಗಳಲ್ಲಿ ಇದು ಸಾಮಾನ್ಯ. ಕೊನೆಗೆ ಹತ್ತು ನಿಮಿಷ ಆರೂ ಟ್ರ್ಯಾಕ್ ಕೆಂಪು ಮಾಡಿ ರೆಕಾರ್ಡ್ ಮಾಡಿ, ಕಾರ್ಡು ತೆಗೆದು ಲ್ಯಾಪ್‌ಟಾಪಿನಲ್ಲಿ ಎಲ್ಲ ಫೈಲೂ ತೆರೆಯುತ್ತವೆಯೇ ನೋಡಿದ ಮೇಲೆಯೇ ದುಡ್ಡು ಕೊಡಿ.